ಒಂದೇ ಪಾಠ, ಎರಡು ಕೈ: ಮೇಷ್ಟ್ರಿಗೆ ಹೇಳದ ಮಾತು ಡಬ್ಬಕ್ಕೆ ಬಿತ್ತು!

ಶಾಲೆಯಲ್ಲೊಂದು ಡಬ್ಬ. ಮೇಲೆ ಒಂದು ಸೀಳು. ಅಂಚೆ ಡಬ್ಬವಲ್ಲ, ದೇವಸ್ಥಾನದ ಹುಂಡಿಯೂ ಅಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಹುಡುಗಿಯರು ಚೀಟಿ ಬರೆದು ಹಾಕುವ ಡಬ್ಬ. ದೂರು ಇದ್ದರೆ ದೂರು, ದುಃಖ ಇದ್ದರೆ ದುಃಖ. ಹೆಸರು ಬರೆದರೂ ಸರಿ, ಬರೆಯದಿದ್ದರೂ ಸರಿ. ಬರೆದ ಚೀಟಿಯನ್ನು ಓದುವವರು ಒಬ್ಬರಿದ್ದಾರೆ ಎಂಬ ಭರವಸೆ ಮಾತ್ರ ಉಂಟು.

ಇಂಥ ಡಬ್ಬಗಳು ಬಂದದ್ದು ಬಿಹಾರದ ನಾಲಂದಾ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಿಗೆ, 2015-16ರ ಶಾಲಾ ವರ್ಷದಲ್ಲಿ. ಡಬ್ಬದ ಜೊತೆಗೆ ಇನ್ನೂ ಹಲವು ಕಾರ್ಯಕ್ರಮಗಳಿದ್ದವು. ಉದ್ದೇಶ ಒಂದೇ: ಮನಸ್ಸು ಕೆಟ್ಟು ಕೂತ ಹರೆಯದ ಮಕ್ಕಳನ್ನು ಹೇಗೆ ಮೇಲೆತ್ತುವುದು? ಕೆಲವು ಶಾಲೆಗಳಲ್ಲಿ ಈ ಕೆಲಸವನ್ನು ಹೊರಗಿನಿಂದ ಬಂದ ಒಬ್ಬ ತರಬೇತಿ ಪಡೆದ ಸಾಮಾನ್ಯ ವ್ಯಕ್ತಿಗೆ ವಹಿಸಿದರು. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಮೇಷ್ಟ್ರಿಗೇ ವಹಿಸಿದರು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಒಂದು ಕಡೆ ಫಲ, ಇನ್ನೊಂದು ಕಡೆ ಸೊನ್ನೆ!

ಯಾವ ಕಡೆ ಸೊನ್ನೆ ಎಂದು ಊಹಿಸಿದಿರಾ? ಸ್ವಲ್ಪ ತಡೆಯಿರಿ. ಮೊದಲು ಈ ಲೆಕ್ಕ ಯಾಕೆ ಬೇಕಾಯ್ತು ಎಂಬುದನ್ನು ನೋಡೋಣ.

"ವಯಸ್ಸಿನ ಹುಚ್ಚು, ಸರಿಹೋಗತ್ತೆ"

ಹದಿನಾಲ್ಕರ ಹುಡುಗ ಮಾತು ಬಿಟ್ಟ. ಊಟದ ತಟ್ಟೆ ಮುಂದಿಟ್ಟರೆ ಎದ್ದು ಹೋದ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಿಲ್ಲ. ಅಪ್ಪ ಅಂತಾನೆ: "ಸೊಕ್ಕು." ಅಮ್ಮ ಅಂತಾಳೆ: "ಯಾರದೋ ಕಣ್ಣು ಬಿದ್ದಿದೆ." ಪಕ್ಕದ ಮನೆಯವರು ಅಂತಾರೆ: "ಈ ವಯಸ್ಸೇ ಹಂಗೆ ಕಣ್ರೀ, ಸರಿಹೋಗತ್ತೆ ಬಿಡಿ." ಹುಡುಗನನ್ನು ಯಾರೂ ಕೇಳಲಿಲ್ಲ. ಕೇಳಿದರೂ ಅವನು ಹೇಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅವನಿಗೂ ಗೊತ್ತು.

ಬಹಳ ಮಕ್ಕಳದ್ದು ನಿಜವಾಗಿಯೂ ಸರಿಹೋಗುತ್ತದೆ. ಆದರೆ ಎಲ್ಲರದ್ದೂ ಅಲ್ಲ. ಮನುಷ್ಯನಿಗೆ ಬರುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 14 ವರ್ಷದೊಳಗೇ ಬೇರು ಬಿಡುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಐವತ್ತು ಮಕ್ಕಳ ಒಂದು ಕ್ಲಾಸು ಅಂದರೆ ಅದರಲ್ಲಿ ಮೂರು ನಾಲ್ಕು ಮಕ್ಕಳು ಅಂದ ಹಾಗಾಯಿತು. ಯಾವ ಬೆಂಚಿನಲ್ಲಿ ಕೂತವರು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಗೊತ್ತಾಗುವ ಹೊತ್ತಿಗೆ ಕೆಲವು ಮನೆಗಳಲ್ಲಿ ಕಾಲ ಮಿಂಚಿರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪುಸ್ತಕದಂತೆ 2022ರಲ್ಲಿ ದೇಶದಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಹಿಂದಿನ ವರ್ಷ 13,089. ಪೊಲೀಸ್ ಠಾಣೆಯಲ್ಲಿ ದಾಖಲಾದ ಲೆಕ್ಕ ಇದು.

ಹಾಗಾದರೆ ಮಾಡುವುದೇನು? "ಒಳ್ಳೆ ಮಾತು ಹೇಳಿ, ಪ್ರೀತಿ ತೋರಿಸಿ, ಸರಿಹೋಗ್ತಾರೆ" ಎಂದು ಯಾರಾದರೂ ಹೇಳಬಹುದು. ಕೇಳಲು ಚೆಂದ. ಆದರೆ ಒಳ್ಳೆ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದೇ ಆಗುತ್ತದೆ ಎಂಬ ಗ್ಯಾರಂಟಿ ಇಲ್ಲ. ಇದಕ್ಕೆ ಸಾಕ್ಷಿ ಹೇಳುವ ಒಂದು ಹಳೇ ಕಥೆ ಇದೆ. ಅಮೆರಿಕದ್ದು.

ಒಳ್ಳೇ ಮನಸ್ಸು, ಕೆಟ್ಟ ಫಲ

ಬಾಸ್ಟನ್ ಪಟ್ಟಣದಲ್ಲಿ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬ ಹೆಸರಾಂತ ವೈದ್ಯರಿದ್ದರು. ಬಡವರ ಕೇರಿಯ ಹುಡುಗರು ದಾರಿ ತಪ್ಪಿ ಜೈಲು ಸೇರುವುದನ್ನು ನೋಡಿ ಮರುಗಿದವರು. ಅವರ ಯೋಜನೆಯಂತೆ 1939ರಲ್ಲಿ ಪಕ್ಕದ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಒಟ್ಟು 506 ಹುಡುಗರು. ಒಂದೇ ಬಗೆಯ ಹಿನ್ನೆಲೆ ಇದ್ದವರನ್ನು ಜೋಡಿ ಜೋಡಿಯಾಗಿ ಆರಿಸಿ, ನಾಣ್ಯ ಚಿಮ್ಮಿ, ಜೋಡಿಯಲ್ಲಿ ಒಬ್ಬನಿಗೆ ನೆರವು ಕೊಟ್ಟರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು.

ನೆರವು ಅಂದರೆ ಸಣ್ಣ ನೆರವಲ್ಲ. ತಿಂಗಳಿಗೆ ಸರಾಸರಿ ಎರಡು ಸಲ ಮನೆಗೇ ಬಂದು ವಿಚಾರಿಸುವ ಸಲಹೆಗಾರ, ಪಾಠ ಹೇಳಿಕೊಡುವವರು, ಕಾಯಿಲೆಗೆ ವೈದ್ಯರು, ಬೇಸಿಗೆ ರಜೆಯಲ್ಲಿ ಶಿಬಿರ. ಸರಾಸರಿ ಐದು ವರ್ಷಕ್ಕೂ ಹೆಚ್ಚು ಕಾಲ ಇದು ನಡೆಯಿತು. 1945ರಲ್ಲಿ ನಿಂತಿತು.

ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ಹೊರಟರು. ಹುಡುಗರು ಆ ಹೊತ್ತಿಗೆ ನಡುವಯಸ್ಸಿನ ಗಂಡಸರು. "ಆ ಕಾರ್ಯಕ್ರಮದಿಂದ ನಿಮಗೆ ಉಪಕಾರ ಆಯ್ತಾ?" ಎಂದು ಕೇಳಿದರೆ ಮೂವರಲ್ಲಿ ಇಬ್ಬರು "ಆಯ್ತು" ಎಂದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಸನ್ಮಾನ ಸಮಾರಂಭ ಮಾಡಬಹುದಿತ್ತು. ಆದರೆ ಮೆಕಾರ್ಡ್ ದಾಖಲೆ ಬಿಚ್ಚಿದರು. ಕೋರ್ಟಿನ ದಾಖಲೆ, ಆಸ್ಪತ್ರೆ ದಾಖಲೆ, ಸಾವಿನ ದಾಖಲೆ. 1978ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ ಎಲ್ಲರೂ ಬೆಚ್ಚಿಬಿದ್ದರು. ನೆರವು ಪಡೆದವರೇ ಪಡೆಯದವರಿಗಿಂತ ಹಿಂದೆ! ಮತ್ತೆ ಮತ್ತೆ ಅಪರಾಧಕ್ಕೆ ಸಿಕ್ಕಿಬಿದ್ದವರು, ಕುಡಿತದ ಲಕ್ಷಣ ಇದ್ದವರು, ತೀವ್ರ ಮನೋರೋಗ ಬಂದವರು, ಬೇಗ ತೀರಿಕೊಂಡವರು, ಎಲ್ಲ ಆ ಕಡೆಯೇ ಹೆಚ್ಚು.

ಕಾರಣ ಏನು? ತಂಟೆಕೋರ ಹುಡುಗರನ್ನು ಮತ್ತೆ ಮತ್ತೆ ಬೇಸಿಗೆ ಶಿಬಿರಕ್ಕೆ ಒಟ್ಟುಗೂಡಿಸಿ ಕಳಿಸಿದ್ದೇ ಒಂದು ಕಾರಣವಿರಬೇಕು ಎಂದು ಮುಂದೆ ಮೆಕಾರ್ಡ್ ಮತ್ತು ಜೊತೆಯವರು ಬರೆದರು. ಅಲ್ಲಿ ಒಬ್ಬರಿಂದೊಬ್ಬರು ಕಲಿತದ್ದು ಒಳ್ಳೆಯದನ್ನಲ್ಲ.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಚೆನ್ನಾಗಿ ವ್ಯಾಪಾರ ಆಗ್ತಿದೆ" ಅನ್ನೋದು ಬೇರೆ, ರಾತ್ರಿ ಗಲ್ಲಾ ಎಣಿಸಿದಾಗ ಕೈಗೆ ಸಿಗೋದು ಬೇರೆ. ತೂಗದೆ ಹೇಳಿದ ತೂಕ ತೂಕವಲ್ಲ. ಮಕ್ಕಳ ಮನಸ್ಸಿಗೆ ಮಾಡುವ ಉಪಕಾರವನ್ನೂ ತಕ್ಕಡಿಗೆ ಹಾಕಿ ನೋಡಬೇಕು. ನಾಲಂದಾದಲ್ಲಿ ಮಾಡಿದ್ದು ಅದನ್ನೇ.

74 ಶಾಲೆ, ಮೂರು ಪಾಲು

ಕಾರ್ಯಕ್ರಮದ ಹೆಸರು 'ಸೆಹರ್'. ಹಿಂದಿ, ಉರ್ದುವಿನಲ್ಲಿ ಬೆಳಗಿನ ಜಾವ ಎಂದರ್ಥ. ಹಿಂದೆ ನಿಂತದ್ದು 'ಸಂಗಾತ್' ಎಂಬ ಸಂಸ್ಥೆ. 1996ರಲ್ಲಿ ಗೋವಾದಲ್ಲಿ ಹುಟ್ಟಿದ್ದು. ಮನೋವೈದ್ಯರ ಕೊರತೆ ಇರುವ ದೇಶದಲ್ಲಿ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಮಾನಸಿಕ ಆರೋಗ್ಯದ ಕೆಲಸ ಮಾಡಿಸಬಹುದೇ ಎಂಬುದು ಆ ಸಂಸ್ಥೆಯ ಹಳೇ ಪ್ರಶ್ನೆ. ಅದರ ಸ್ಥಾಪಕರಲ್ಲಿ ಒಬ್ಬರಾದ ಡಾ. ವಿಕ್ರಂ ಪಟೇಲ್, ಸಚಿನ್ ಶಿಂದೆ ಮತ್ತಿತರರು ಸೇರಿ ನಡೆಸಿದ ಈ ಪರೀಕ್ಷೆಯ ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಾಲಂದಾದ 74 ಹೈಸ್ಕೂಲುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಇಂಥ ಶಾಲೆಗೆ ಇಂಥದ್ದು ಎಂದು ಯಾರೂ ಆರಿಸುವ ಹಾಗಿಲ್ಲ. ಶಿಫಾರಸು ನಡೆಯುವುದಿಲ್ಲ. ಮೂರೂ ಕಡೆ ಸರ್ಕಾರದ ಹದಿಹರೆಯ ಶಿಕ್ಷಣದ ಪಾಠ ಎಂದಿನಂತೆ ಇತ್ತು.

ಮೊದಲನೇ ಪಾಲಿನ ಶಾಲೆಗಳಿಗೆ ಸೆಹರ್ ಕಾರ್ಯಕ್ರಮ, ನಡೆಸಲು 'ಸೆಹರ್ ಮಿತ್ರ' ಎಂಬ ಒಬ್ಬ ವ್ಯಕ್ತಿ. ಇವರು ಡಾಕ್ಟರಲ್ಲ, ಮನೋವಿಜ್ಞಾನ ಓದಿ ಬೋರ್ಡು ಹಾಕಿಕೊಂಡವರೂ ಅಲ್ಲ. ಈ ಕೆಲಸಕ್ಕೆಂದೇ ತರಬೇತಿ ಪಡೆದವರು, ಇದೇ ಕೆಲಸಕ್ಕೆ ನೇಮಕವಾದವರು. ಎರಡನೇ ಪಾಲಿಗೂ ಅದೇ ಕಾರ್ಯಕ್ರಮ, ಆದರೆ ನಡೆಸುವವರು ಆ ಶಾಲೆಯ ಮೇಷ್ಟ್ರೇ, ತರಬೇತಿ ಪಡೆದು. ಮೂರನೇ ಪಾಲಿಗೆ ಹೊಸದೇನೂ ಇಲ್ಲ, ಇದ್ದದ್ದು ಇದ್ದ ಹಾಗೆ.

ಕಾರ್ಯಕ್ರಮದಲ್ಲಿ ಏನಿತ್ತು? ಮೂರು ಮೆಟ್ಟಿಲು. ಇಡೀ ಶಾಲೆಗೆ ಸೇರಿದ್ದು ಒಂದು: ಪ್ರಾರ್ಥನೆ ಹೊತ್ತಿನಲ್ಲಿ ಮಾತು, ಮಕ್ಕಳೇ ಬರೆಯುವ ಗೋಡೆಪತ್ರಿಕೆ, ಸ್ಪರ್ಧೆ, ಮತ್ತು ಮೊದಲಿಗೇ ಹೇಳಿದ ಡಬ್ಬ. ಗುಂಪಿಗೆ ಸೇರಿದ್ದು ಇನ್ನೊಂದು: ಮಕ್ಕಳ ಸಣ್ಣ ಸಣ್ಣ ಗುಂಪು, ಮಕ್ಕಳಿಗೂ ಮೇಷ್ಟ್ರುಗಳಿಗೂ ಕಮ್ಮಟ. ಮೂರನೆಯದು ಒಬ್ಬೊಬ್ಬರಿಗೇ ಸೇರಿದ್ದು. ತಾನಾಗಿ ಬಂದ ಮಗುವನ್ನೋ, ಮೇಷ್ಟ್ರು ಕಳಿಸಿದ ಮಗುವನ್ನೋ ಕೂರಿಸಿಕೊಂಡು ಅದರ ಮಾತು ಕೇಳುವುದು.

ವರ್ಷದ ಆರಂಭಕ್ಕೆ ಒಂಬತ್ತನೇ ಕ್ಲಾಸಿನ 13,035 ಮಕ್ಕಳನ್ನು, ಎಂಟು ತಿಂಗಳ ಬಳಿಕ 14,414 ಮಕ್ಕಳನ್ನು ಪ್ರಶ್ನೆ ಕೇಳಿ ಅಳೆದರು. ಶಾಲೆ ನಿಮ್ಮದು ಅನ್ನಿಸುತ್ತದೆಯೇ? ಮೇಷ್ಟ್ರು, ಜೊತೆಯವರು ಹೇಗೆ ನಡೆಸಿಕೊಳ್ಳುತ್ತಾರೆ? ಯಾರಾದರೂ ಪೀಡಿಸುತ್ತಾರೆಯೇ? ಖಿನ್ನತೆ ಅಳೆಯಲು ಆಸ್ಪತ್ರೆಗಳಲ್ಲಿ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೂ ಇತ್ತು.

ಕೈ ಬದಲಾಯ್ತು, ಫಲ ಬದಲಾಯ್ತು

ಲೆಕ್ಕ ಹೀಗೆ ಬಂತು. ಸೆಹರ್ ಮಿತ್ರ ಇದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಎದ್ದು ಕಾಣುವಷ್ಟು ಸುಧಾರಿಸಿತ್ತು. ಖಿನ್ನತೆಯ ಅಂಕ ಇಳಿದಿತ್ತು. ಒಬ್ಬರನ್ನೊಬ್ಬರು ಪೀಡಿಸುವುದು, ಹೊಡೆದಾಟ ಕಡಿಮೆ ಆಗಿತ್ತು. ಹೆಣ್ಣು ಗಂಡು ಸಮಾನ ಎಂಬ ಭಾವನೆ ಹೆಚ್ಚಿತ್ತು.

ಮೇಷ್ಟ್ರು ನಡೆಸಿದ ಶಾಲೆಗಳಲ್ಲಿ? ಏನೂ ಇಲ್ಲ! ಕಾರ್ಯಕ್ರಮವೇ ಇಲ್ಲದ ಮೂರನೇ ಪಾಲಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಸೊನ್ನೆ ಬಂದದ್ದು ಇಲ್ಲಿ.

ಒಂದೇ ವರ್ಷದ ಲೆಕ್ಕ ನಂಬಬಹುದೇ ಎಂದು ಕೇಳುವವರಿದ್ದಾರೆ. ಅದಕ್ಕೂ ಉತ್ತರ ಉಂಟು. ಎರಡನೇ ವರ್ಷವೂ ಕಾರ್ಯಕ್ರಮ ಮುಂದುವರಿಸಿ, 17 ತಿಂಗಳಿಗೆ ಮತ್ತೆ ಅಳೆದು 2020ರಲ್ಲಿ ಪ್ರಕಟಿಸಿದರು. ಸೆಹರ್ ಮಿತ್ರರ ಶಾಲೆಗಳಲ್ಲಿ ಫಲ ಮೊದಲ ವರ್ಷಕ್ಕಿಂತ ಹೆಚ್ಚಾಗಿತ್ತು. ಮೇಷ್ಟ್ರ ಶಾಲೆಗಳಲ್ಲಿ ಆಗಲೂ ಅದೇ ಸೊನ್ನೆ.

ಇನ್ನೊಂದು ಮಾತು ಆಮೇಲಿನ ಲೆಕ್ಕದಿಂದ ಗೊತ್ತಾಯಿತು. ಮಕ್ಕಳ ಮನಸ್ಸು ಹಗುರವಾದದ್ದಕ್ಕೆ ಒಂದು ಮುಖ್ಯ ಕಾರಣ ಶಾಲೆಯ ವಾತಾವರಣ ಬದಲಾದದ್ದೇ. ಅಂದರೆ, ಮಗುವಿಗೆ ಮದ್ದು ಕೊಡುವ ಮೊದಲು ಮಗು ದಿನಾ ಆರೇಳು ಗಂಟೆ ಕೂರುವ ಜಾಗವನ್ನು ಸರಿ ಮಾಡಬೇಕು. ಗಿಡ ಬಾಡಿದೆ ಅಂತ ಎಲೆಗೆ ನೀರು ಚಿಮುಕಿಸಿದರೆ ಸಾಲದು, ಬುಡದ ಮಣ್ಣು ನೋಡಬೇಕು.

ಮೇಷ್ಟ್ರ ತಪ್ಪೇ?

ಇದನ್ನು ಓದಿ ಮೇಷ್ಟ್ರುಗಳನ್ನು ಬೈಯುವುದು ಸುಲಭ. ಆದರೆ ನ್ಯಾಯವಲ್ಲ.

ಒಬ್ಬ ಸರ್ಕಾರಿ ಹೈಸ್ಕೂಲು ಮೇಷ್ಟ್ರ ದಿನ ಹೇಗಿರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಬೆಳಿಗ್ಗೆಯಿಂದ ಪೀರಿಯಡ್ಡು. ನಡುವೆ ಹಾಜರಿ ಪುಸ್ತಕ, ಸ್ಕಾಲರ್‌ಶಿಪ್ ಅರ್ಜಿ, ಮೇಲಿನವರು ಕೇಳಿದ ಮಾಹಿತಿ. ಎಲೆಕ್ಷನ್ ಬಂದರೆ ಎಲೆಕ್ಷನ್, ಗಣತಿ ಬಂದರೆ ಗಣತಿ. ರಿಸಲ್ಟು ಕಡಿಮೆ ಆದರೆ ನೋಟೀಸು. ಇದರ ಮೇಲೆ "ಮಕ್ಕಳ ಮನಸ್ಸನ್ನೂ ನೋಡಿಕೊಳ್ಳಿ ಸಾರ್" ಎಂದರೆ, ಆ ಕೆಲಸ ಎಲ್ಲಿ ಹೋಗಿ ಕೂರುತ್ತದೆ? ಪಟ್ಟಿಯ ತುದಿಯಲ್ಲಿ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಮಗುವಿನ ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ. ಮಾರ್ಕ್ಸು ಹಾಕುವ ಕೈ ಮೇಷ್ಟ್ರದ್ದು. ಅಪ್ಪನನ್ನು ಕರೆದುಕೊಂಡು ಬಾ ಎನ್ನುವ ಬಾಯಿಯೂ ಮೇಷ್ಟ್ರದ್ದು. ಮಕ್ಕಳಿಗೆ ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ, ಆದರೆ 'ದಂಡಂ ದಶಗುಣಂ' ಇನ್ನೂ ಎಲ್ಲ ಸ್ಟಾಫ್ ರೂಮುಗಳಿಂದ ಖಾಲಿ ಆಗಿಲ್ಲ. ಅಂಥ ಮೇಷ್ಟ್ರ ಹತ್ತಿರ ಹೋಗಿ "ನಂಗೆ ಬದುಕೋಕೇ ಬೇಜಾರು ಸಾರ್" ಎಂದು ಯಾವ ಹುಡುಗ ಹೇಳಿಯಾನು? "ಮನೇಲಿ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೀತಾರೆ" ಎಂದು ಯಾವ ಹುಡುಗಿ ಹೇಳಿಯಾಳು? ಸಂಜೆಯೊಳಗೆ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಆ ಮಾತು ಸುತ್ತೀತು ಎಂಬ ಅಂಜಿಕೆ ಅವಳಿಗಿದೆ.

ಸೆಹರ್ ಮಿತ್ರನಿಗೆ ಮಾರ್ಕ್ಸು ಹಾಕುವ ಅಧಿಕಾರ ಇಲ್ಲ, ಫೇಲು ಮಾಡುವ ಅಧಿಕಾರ ಇಲ್ಲ. ಅವನ ಬಳಿ ಇದ್ದದ್ದು ಸಮಯ, ಎರಡು ಕಿವಿ, ಮತ್ತು ಕೇಳಿದ್ದನ್ನು ಒಳಗಿಟ್ಟುಕೊಳ್ಳುವ ತರಬೇತಿ. ಅಧಿಕಾರ ಇಲ್ಲದ್ದೇ ಇಲ್ಲಿ ಅವನ ದೊಡ್ಡ ಅರ್ಹತೆ ಆಯಿತು.

ನಮ್ಮ ರಾಜ್ಯದ ಲೆಕ್ಕ ಏನು ಹೇಳುತ್ತದೆ?

ಮೇಷ್ಟ್ರುಗಳಿಂದ ಏನೂ ಆಗುವುದಿಲ್ಲ ಎಂದು ಬಾಗಿಲು ಹಾಕುವುದಕ್ಕೆ ಮುಂಚೆ ಕರ್ನಾಟಕದ್ದೇ ಒಂದು ಅಧ್ಯಯನ ನೋಡಬೇಕು. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಅವರು 'ಜೀವನ ಕೌಶಲ್ಯ ಶಿಕ್ಷಣ' ಎಂಬ ಕಾರ್ಯಕ್ರಮ ರೂಪಿಸಿದರು. ಸಿಟ್ಟು ಬಂದಾಗ ಏನು ಮಾಡಬೇಕು, ಒತ್ತಾಯ ಮಾಡುವ ಗೆಳೆಯನಿಗೆ ಬೇಡ ಎನ್ನುವುದು ಹೇಗೆ, ತೀರ್ಮಾನ ತೆಗೆದುಕೊಳ್ಳುವುದು ಹೇಗೆ, ಇಂಥ ಪಾಠಗಳು. ನಡೆಸಿದವರು ಮೇಷ್ಟ್ರುಗಳೇ. ರಾಜ್ಯದ ನಾಲ್ಕು ಜಿಲ್ಲೆಗಳ 261 ಹೈಸ್ಕೂಲುಗಳಲ್ಲಿ ಸಾವಿರಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿದ್ದರು.

ಕಾರ್ಯಕ್ರಮ ಇದ್ದ ಎರಡು ಶಾಲೆಯ 605 ಮಕ್ಕಳನ್ನು, ಇಲ್ಲದ ಹತ್ತಿರದ ಶಾಲೆಗಳ 423 ಮಕ್ಕಳ ಜೊತೆ ಒಂದು ವರ್ಷದ ಬಳಿಕ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಕಾರ್ಯಕ್ರಮ ಇದ್ದ ಮಕ್ಕಳಲ್ಲಿ ಆತ್ಮಗೌರವ ಹೆಚ್ಚು, ಕಷ್ಟ ಎದುರಿಸುವ ಧೈರ್ಯ ಹೆಚ್ಚು, ಶಾಲೆಗೂ ಮೇಷ್ಟ್ರಿಗೂ ಹೊಂದಿಕೊಳ್ಳುವುದು ಹೆಚ್ಚು. ಇದು ಸಣ್ಣ ಮಾತಲ್ಲ. ಆದರೆ ಮನಸ್ಸಿನ ತೊಂದರೆಯ ಲಕ್ಷಣಗಳಲ್ಲಿ, ಮನೆಯವರೊಂದಿಗೆ, ಗೆಳೆಯರೊಂದಿಗೆ ಹೊಂದಿಕೊಳ್ಳುವುದರಲ್ಲಿ ಎರಡೂ ಕಡೆಯ ಮಕ್ಕಳಿಗೆ ವ್ಯತ್ಯಾಸ ಕಾಣಲಿಲ್ಲ.

ಈ ಶಾಲೆಗಳನ್ನು ಚೀಟಿ ಎತ್ತಿ ಆರಿಸಿದ್ದಲ್ಲ, ಹಾಗಾಗಿ ನಾಲಂದಾದ ತಕ್ಕಡಿಯಷ್ಟು ಕರಾರುವಾಕ್ಕಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಕಾಣುತ್ತದೆ. ಇಡೀ ಕ್ಲಾಸಿಗೆ ಬದುಕುವ ಜಾಣತನ ಕಲಿಸುವುದು ಮೇಷ್ಟ್ರಿಂದ ಆಗಬಹುದು. ಒಳಗೇ ಕುಸಿಯುತ್ತಿರುವ ಒಂದು ಮಗುವಿನ ಗುಟ್ಟು ಕೇಳುವುದಕ್ಕೆ ಬೇರೆಯೇ ಒಬ್ಬರು ಬೇಕು.

ದೆಹಲಿಯ ಚಿತ್ರಕಥೆ, ಕೀನ್ಯಾದ ಅಕ್ಕ ಅಣ್ಣಂದಿರು

ಆ "ಬೇರೆ ಒಬ್ಬರು" ದೊಡ್ಡ ಪಂಡಿತರೇ ಆಗಬೇಕೇ? ಬೇಕಾಗಿಲ್ಲ ಎನ್ನುತ್ತವೆ ಇನ್ನೆರಡು ಪರೀಕ್ಷೆಗಳು.

ದೆಹಲಿಯ ಆರು ಸರ್ಕಾರಿ ಶಾಲೆಗಳಲ್ಲಿ ಮನಸ್ಸಿಗೆ ತೊಂದರೆ ಇದ್ದ 251 ಮಕ್ಕಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಚಿತ್ರಕಥೆಯ ಪುಸ್ತಕಗಳು ಮಾತ್ರ. ಇನ್ನೊಂದು ಪಾಲಿಗೆ ಅವೇ ಪುಸ್ತಕಗಳು, ಜೊತೆಗೆ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರೊಂದಿಗೆ ಹೆಚ್ಚೆಂದರೆ ಐದು ಭೇಟಿ. ಹೇಳಿಕೊಡುವುದು ಮೂರೇ ಹೆಜ್ಜೆ: ಸಮಸ್ಯೆ ಯಾವುದು ಎಂದು ಗುರುತಿಸು, ದಾರಿಗಳು ಯಾವುವು ಎಂದು ಎಣಿಸು, ಒಂದನ್ನು ಹಿಡಿದು ಮಾಡಿ ನೋಡು. "ನನಗೆ ಕಾಡುತ್ತಿರುವುದು ಇದು" ಎಂದು ಮಕ್ಕಳೇ ಹೆಸರಿಸಿದ ತೊಂದರೆಗಳು ಸಲಹೆಗಾರರ ಪಾಲಿನಲ್ಲಿ ಹೆಚ್ಚು ಇಳಿದವು. ಲಕ್ಷಣಗಳ ಒಟ್ಟು ಅಂಕದಲ್ಲಿ ಮಾತ್ರ ಆರು ವಾರಕ್ಕೆ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಇದನ್ನೂ ಮುಚ್ಚಿಡದೆ ಪ್ರಕಟಿಸಿದರು. ಗೆದ್ದದ್ದನ್ನು ಹೇಳಿ ಸೋತದ್ದನ್ನು ಬಚ್ಚಿಡುವವರು ಇದನ್ನು ನೋಡಿ ಕಲಿಯಬೇಕು.

ಕೀನ್ಯಾ ದೇಶದಲ್ಲಿ ಇನ್ನೂ ಸರಳ. 'ಶಾಮಿರಿ' ಎಂಬ ಹೆಸರಿನ ಕಾರ್ಯಕ್ರಮದಲ್ಲಿ ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದರಂತೆ ನಾಲ್ಕೇ ಭೇಟಿ. ನಡೆಸಿದವರು ಯಾರು? ಹೈಸ್ಕೂಲು ಆಗಷ್ಟೇ ಮುಗಿಸಿದ ಯುವಕ ಯುವತಿಯರು! ಮನುಷ್ಯ ಬದಲಾಗಬಲ್ಲ, ಉಪಕಾರ ನೆನೆಯಬೇಕು, ನಿನಗೆ ಯಾವುದು ಮುಖ್ಯ ಎಂದು ತಿಳಿದುಕೋ, ಇಷ್ಟೇ ವಿಷಯ. ಖಿನ್ನತೆ ಅಥವಾ ಆತಂಕದ ಲಕ್ಷಣ ಹೆಚ್ಚಿದ್ದ 413 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, 2021ರಲ್ಲಿ ಪ್ರಕಟಿಸಿದರು. ಬರೀ ಓದುವ ಕ್ರಮ ಹೇಳಿಕೊಟ್ಟ ಗುಂಪಿಗಿಂತ ಇವರಲ್ಲಿ ಖಿನ್ನತೆ, ಆತಂಕ ಎರಡೂ ಹೆಚ್ಚು ಇಳಿದಿದ್ದವು.

ಹಾಗೆಂದು ಮಾಡಿದ್ದೆಲ್ಲ ಫಲಿಸುತ್ತದೆ ಎಂದಲ್ಲ. ಇಂಗ್ಲೆಂಡಿನ ಕಡೆ ಸಾಕಷ್ಟು ಹಣ ಸುರಿದು 85 ಶಾಲೆಗಳಲ್ಲಿ 8,376 ಮಕ್ಕಳ ಮೇಲೆ ಧ್ಯಾನದ ಮಾದರಿಯ ಮನಸ್ಸಿನ ಪಾಠವನ್ನು ಪರೀಕ್ಷಿಸಿದರು. ಪಾಠ ಮಾಡಿದವರು ಮೇಷ್ಟ್ರುಗಳು. 2022ರಲ್ಲಿ ಫಲಿತಾಂಶ ಬಂತು. ಎಂದಿನ ಪಾಠಕ್ಕಿಂತ ಇದು ಮೇಲು ಎಂದು ಹೇಳುವ ಹಾಗೆ ಇರಲಿಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸಿದರೆ ಎಲ್ಲರ ಕಷ್ಟವೂ ಕರಗುವುದಿಲ್ಲ.

ಆದೇಶ ಬಂದಿದೆ, ಕುರ್ಚಿ ಎಲ್ಲಿ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಲಹೆಗಾರರನ್ನು ಇಟ್ಟುಕೊಳ್ಳಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದು ಅದರಲ್ಲಿ ಒಂದು.

ಆದೇಶ ಬಂದಾಗ ಏನಾಗುತ್ತದೆ ಎಂಬುದಕ್ಕೆ ಅನುಭವಸ್ಥರ ಉತ್ತರ ಬೇಕಿಲ್ಲ. ಡ್ರಿಲ್ ಮೇಷ್ಟ್ರ ಹೆಸರನ್ನೋ, ಸಮಾಜ ವಿಜ್ಞಾನದ ಟೀಚರ ಹೆಸರನ್ನೋ ಕಾಗದದ ಮೇಲೆ ಬರೆದು, ಒಂದು ದಿನದ ತರಬೇತಿಗೆ ಕಳಿಸಿ, "ಆಪ್ತಸಲಹೆಗಾರರು: ಇದ್ದಾರೆ" ಎಂದು ಮೇಲಕ್ಕೆ ಬರೆದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಇದ್ದೇ ಇರುತ್ತಾರೆ. ಹಾಗೆ ಮಾಡಿದರೆ ಏನು ಸಿಗುತ್ತದೆ ಎಂಬುದನ್ನು ನಾಲಂದಾ ಎರಡು ವರ್ಷ ತೂಗಿ ತೋರಿಸಿದೆ. ಸೊನ್ನೆ.

ಬೇಕಾದದ್ದು ಇಷ್ಟು: ಆ ಕೆಲಸಕ್ಕೆಂದೇ ಒಬ್ಬರು. ಅವರಿಗೆ ತರಬೇತಿ, ಮೇಲೊಬ್ಬ ಅನುಭವಿಯ ಉಸ್ತುವಾರಿ. ಕೂರುವುದಕ್ಕೆ, ಬಾಗಿಲು ಮುಂದೆ ಮಾಡಿಕೊಳ್ಳಬಹುದಾದ ಒಂದು ಸಣ್ಣ ಕೋಣೆ, ಎರಡು ಕುರ್ಚಿ. ಮತ್ತೊಂದು ಡಬ್ಬ. ಡಿಗ್ರಿ ಮಾಡಿ ಕೆಲಸವಿಲ್ಲದೆ ಕೂತ ಹುಡುಗ ಹುಡುಗಿಯರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಮಕ್ಕಳ ಮಾತು ಕೇಳುವ ತಾಳ್ಮೆ ಇದ್ದವರನ್ನು ಅವರಲ್ಲೇ ಹುಡುಕಿ ತರಬೇತಿ ಕೊಡಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಇವರು ಡಾಕ್ಟರಿಗೆ ಬದಲಿ ಅಲ್ಲ. ಸಾಯುವ ಮಾತಾಡುವ ಮಗು, ಇಲ್ಲದ ದನಿ ಕೇಳುತ್ತದೆ ಎನ್ನುವ ಮಗು, ವಾರಗಟ್ಟಲೆ ಊಟ ನಿದ್ದೆ ಬಿಟ್ಟ ಮಗು, ಇವರನ್ನು ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ಇಂಥ ಮಗುವನ್ನು ಗುರುತಿಸಿ, ಕೈ ಹಿಡಿದು ಅಲ್ಲಿಗೆ ಮುಟ್ಟಿಸುವುದೂ ಆ ಕುರ್ಚಿಯಲ್ಲಿ ಕೂತವರ ಕೆಲಸವೇ.

ಅಂಗಡಿ ಮುಂದೆ, ಬಸ್ಸಿನಲ್ಲಿ

ಸರ್ಕಾರ ಮಾಡುವ ತನಕ ಸುಮ್ಮನಿರಬೇಕೇ? ಬೇಕಿಲ್ಲ. ಶಾಲೆಗೆ ಎಸ್‌ಡಿಎಂಸಿ ಎಂಬುದೊಂದಿದೆ, ಪೋಷಕರ ಸಭೆ ಎಂಬುದೊಂದಿದೆ. ಅಲ್ಲಿ ಕಾಂಪೌಂಡು ಗೋಡೆ, ಯೂನಿಫಾರಂ, ರಿಸಲ್ಟು ಎಲ್ಲದರ ಮಾತೂ ಬರುತ್ತದೆ. "ನಮ್ಮ ಮಕ್ಕಳ ಮಾತು ಕೇಳೋಕೆ ಯಾರನ್ನು ಇಟ್ಟಿದ್ದೀರಿ ಸಾರ್?" ಎಂಬ ಪ್ರಶ್ನೆಯನ್ನೂ ಒಬ್ಬರು ಎದ್ದು ನಿಂತು ಕೇಳಬಹುದು. ಉತ್ತರವಾಗಿ ಯಾವುದೋ ಮೇಷ್ಟ್ರ ಹೆಸರು ಬಂದರೆ, "ಅವರಿಗೆ ವಾರಕ್ಕೆ ಎಷ್ಟು ಪೀರಿಯಡ್ಡು?" ಎಂದು ಇನ್ನೊಂದು ಪ್ರಶ್ನೆ ಕೇಳಬಹುದು.

ಮನೆಯಲ್ಲಿ ಮಾಡಬಹುದಾದದ್ದೂ ಒಂದಿದೆ. ಬುದ್ಧಿ ಹೇಳುವುದನ್ನು ಹತ್ತು ನಿಮಿಷ ನಿಲ್ಲಿಸಿ, ಕೇಳಿಸಿಕೊಳ್ಳುವುದು. "ನಿನ್ನ ವಯಸ್ಸಿನಲ್ಲಿ ನಾವು..." ಎಂದು ಶುರು ಮಾಡಿದ ಕ್ಷಣವೇ ಮಗು ಕಿವಿ ಮುಚ್ಚುತ್ತದೆ, ಬಾಯಿಯನ್ನೂ ಮುಚ್ಚುತ್ತದೆ. ಅಪ್ಪನಿಗೆ ಹೇಳದ್ದನ್ನು ಸೋದರಮಾವನಿಗೆ ಹೇಳಬಹುದು, ಅಮ್ಮನಿಗೆ ಹೇಳದ್ದನ್ನು ಚಿಕ್ಕಮ್ಮನಿಗೆ ಹೇಳಬಹುದು. ಅವಮಾನ ಅಂದುಕೊಳ್ಳದೆ ಆ ದಾರಿ ತೆರೆದಿಡಬೇಕು.

ಯಾರೂ ಸಿಗದ ಹೊತ್ತಿನಲ್ಲಿ ಟೆಲಿ-ಮಾನಸ್ ಇದೆ. ನಂಬರು 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಕಟದಲ್ಲಿರುವ ಮಕ್ಕಳಿಗೆ 1098 ನಂಬರೂ ಇದೆ. ಅಂಗಡಿ ಗೋಡೆಯಲ್ಲಿ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಪಕ್ಕ ಈ ಎರಡು ನಂಬರು ಬರೆದು ಅಂಟಿಸುವುದಕ್ಕೆ ಖರ್ಚು ಒಂದು ಹಾಳೆ. ಪೆನ್ನು ಕೊಳ್ಳಲು ಬಂದ ಹುಡುಗನ ಕಣ್ಣಿಗೆ ಅದು ಬಿದ್ದರೂ ಬೀಳಬಹುದು.

ಸಂಜೆ ಐದರ ಬಸ್ಸಿನಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಕಿಟಕಿ ಆಚೆ ನೋಡುತ್ತಾ ಕೂತ ಮಕ್ಕಳಿರುತ್ತಾರೆ. ಕಂಡಕ್ಟರು "ಪಾಸ್ ತೋರ್ಸಪ್ಪ" ಎಂದರೆ ತೋರಿಸುತ್ತಾರೆ, ಮತ್ತೆ ಕಿಟಕಿಗೆ ಮುಖ ಮಾಡುತ್ತಾರೆ. ಅವರಲ್ಲಿ ಯಾರು ಚೀಟಿ ಬರೆಯಬೇಕು ಎಂದುಕೊಂಡಿದ್ದಾರೋ ಯಾರಿಗೆ ಗೊತ್ತು. ನಾಲಂದಾದಲ್ಲಿ ಅದನ್ನು ಹಾಕುವುದಕ್ಕೆ ಒಂದು ಡಬ್ಬ ಇತ್ತು, ತೆಗೆದು ಓದುವುದಕ್ಕೆ ಒಬ್ಬರು ಇದ್ದರು.